ನಳ ಬಂದರೆ ಎಬ್ಬಿಸುವ ಗಂಟೆ: ಕಟ್ಟುತ್ತಾ ಕಲಿಯೋಣ ಎಲೆಕ್ಟ್ರಾನಿಕ್ಸ್

ನಮ್ಮ ಓಣಿಯಲ್ಲಿ ನಳ ಯಾವಾಗ ಬರುತ್ತದೆ ಎಂದು ಹೇಳುವುದು ಕಷ್ಟ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ ದಿನದ 24 ತಾಸೂ ನೀರಿದೆ. ಉಳಿದವರು ಪಾಳಿ ಕಾಯಬೇಕು. ಸವದತ್ತಿಯಿಂದ ಮಲಪ್ರಭೆಯ ನೀರು ಬಂದು, ದೊಡ್ಡ ಟಾಕಿ ಏರಿ, ನಮ್ಮ ಸಾಲಿಗೆ ಇಳಿಯುವುದು ಎಷ್ಟೋ ಸಲ ನಡುರಾತ್ರಿಗೆ. ನಳ ಬಿಟ್ಟು ಮಲಗಿದರೆ ನೀರು ಚರಂಡಿ ಪಾಲು. ಬಂದ್ ಮಾಡಿ ಮಲಗಿದರೆ ನೀರು ಬಂದು ಹೋದದ್ದೇ ಗೊತ್ತಾಗುವುದಿಲ್ಲ. ನಮ್ಮ ಅವ್ವ ನಳದ ಕೆಳಗೆ ಸ್ಟೀಲಿನ ಬೋಗುಣಿ ಬೋರಲು ಇಟ್ಟು ಮಲಗುತ್ತಿದ್ದಳು. ನೀರು ಬಿದ್ದರೆ ಸಪ್ಪಳ, ಸಪ್ಪಳಕ್ಕೆ ಎಚ್ಚರ. ಆದರೆ ಧಾರವಾಡದ ಜಿಟಿ ಜಿಟಿ ಮಳೆ ಹಿಡಿದ ರಾತ್ರಿ ಆ ಸಪ್ಪಳ ಮಳೆಯಲ್ಲೇ ಮುಳುಗಿಹೋಗುತ್ತಿತ್ತು.

ಅಣ್ಣನ ಮಗಳು ಒಂಬತ್ತನೇ ಇಯತ್ತೆ. ಒಂದು ದಿನ ಕೇಳಿದಳು: "ಕಾಕಾ, ನೀರು ಬಂದ್ರ ತಾನ ಬಾರಿಸೋ ಗಂಟಿ ಮಾಡಾಕ ಆಗೂದಿಲ್ಲೇನು?"

ಆಗುತ್ತದೆ. ಹತ್ತು ಹನ್ನೆರಡು ಸಾಮಾನು ಸಾಕು. ಎಲೆಕ್ಟ್ರಾನಿಕ್ಸಿನ ಮೂಲ ಬಿಡಿಭಾಗಗಳೆಲ್ಲ ಇದರಲ್ಲಿ ಬಂದುಹೋಗುತ್ತವೆ. ರೆಸಿಸ್ಟರ್ ಎಂದರೆ ಪ್ರತಿರೋಧಕ ಎಂದು ಬಾಯಿಪಾಠ ಮಾಡಿದ ಮಕ್ಕಳು ಬಹಳ ಇದ್ದಾರೆ. ಅದನ್ನು ಬದಲಿಸಿದರೆ ಏನಾಗುತ್ತದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಅದಕ್ಕೇ ಇಲ್ಲಿ ಒಂದೊಂದನ್ನೂ ಹಾಕಿ ನೋಡೋಣ, ತೆಗೆದು ನೋಡೋಣ, ಉಲ್ಟಾ ಇಟ್ಟು ನೋಡೋಣ. ಉಲ್ಟಾ ಇಡಬಾರದ್ದು ಒಂದಿದೆ, ಆ ಜಾಗ ಬಂದಾಗ ಹೇಳುತ್ತೇನೆ.

ಏನೇನು ತರಬೇಕು

ನಾವಿಬ್ಬರೂ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿ ತಂದೆವು. ಬಿಡಿಭಾಗದ ಅಂಗಡಿ ಎಲ್ಲಿ ಎಂದು ಗೊತ್ತಿಲ್ಲದಿದ್ದರೆ ನಿಮ್ಮೂರಿನ ಟಿವಿ ರಿಪೇರಿಯವರನ್ನು ಕೇಳಿ, ತೋರಿಸುತ್ತಾರೆ. ಚೀಟಿ ಹೀಗೆ ಬರೆದುಕೊಳ್ಳಿ: 9 ವೋಲ್ಟಿನ ಚೌಕ ಬ್ಯಾಟರಿ, ಅದರ ಕ್ಲಿಪ್, ಒಂದು ಬ್ರೆಡ್‌ಬೋರ್ಡ್, ಎರಡು ಕೆಂಪು ಎಲ್‌ಇಡಿ, ಕಾಲು ವ್ಯಾಟಿನ ರೆಸಿಸ್ಟರ್‌ಗಳು 470 ಓಮ್, 1 ಕೆ, 100 ಕೆ (ಕೆ ಎಂದರೆ ಸಾವಿರ ಓಮ್) ಎರಡೆರಡು, ಒನ್ ಎನ್ 4007 ಡಯೋಡ್ ಒಂದು, ಬಿಸಿ 547 ಟ್ರಾನ್ಸಿಸ್ಟರ್ ಎರಡು, 1000 ಮೈಕ್ರೋಫ್ಯಾರಡ್ 25 ವೋಲ್ಟಿನ ಕೆಪಾಸಿಟರ್ ಒಂದು, 104 ಎಂದು ಬರೆದಿರುವ ಬಿಲ್ಲೆ ಕೆಪಾಸಿಟರ್ ಒಂದು, ಒಂದು ಬಜರ್, ಸ್ವಲ್ಪ ವೈರ್, ಎರಡು ಸ್ಟೀಲ್ ಸ್ಕ್ರೂ. ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್ ಇದ್ದರೆ ಬಹಳ ಒಳ್ಳೆಯದು.

ಬಜರ್ ಕೊಳ್ಳುವಾಗ ಒಂದು ಮಾತು. "ಬ್ಯಾಟರಿ ಕೊಟ್ಟರೆ ತಾನೇ ಕೂಗೋದು ಕೊಡಿ, 9 ವೋಲ್ಟಿಗೆ ನಡೀಬೇಕು" ಎಂದು ಬಿಡಿಸಿ ಹೇಳಿ. ಇನ್ನೊಂದು ಬಗೆಯದಕ್ಕೆ ಬ್ಯಾಟರಿ ಕೊಟ್ಟರೆ ಒಮ್ಮೆ ಟಿಕ್ ಎಂದು ಸುಮ್ಮನಾಗುತ್ತದೆ. ನೋಡಲು ಎರಡೂ ಒಂದೇ ಥರ.

ಈ ಆಟವೆಲ್ಲ ಬ್ಯಾಟರಿಯ ಮೇಲೆ ಮಾತ್ರ. ಬ್ಯಾಟರಿ ಉಳಿಸಲು ಮೊಬೈಲ್ ಚಾರ್ಜರ್ ಅಥವಾ ಅಡಾಪ್ಟರ್ ಹಚ್ಚಬೇಡಿ. ನಾವು ನೀರಿಗೆ ತಂತಿ ಇಳಿಸುತ್ತಿದ್ದೇವೆ. ಅಗ್ಗದ ಅಡಾಪ್ಟರ್ ಒಳಗೆ ಕೆಟ್ಟರೆ ಗೋಡೆಯ 230 ವೋಲ್ಟ್ ಆ ನೀರಿಗೇ ಬರಬಹುದು.

ಬ್ರೆಡ್‌ಬೋರ್ಡ್ ಓದುವುದು

ತೂತಿನ ಬಿಳಿ ಹಲಗೆ ಇದು. ನಡುವೆ ಒಂದು ಕಾಲುವೆ. ಕಾಲುವೆಯ ಒಂದೊಂದು ಕಡೆಗೆ ಐದೈದು ತೂತುಗಳ ಸಾಲು. ಆ ಐದು ತೂತುಗಳ ಕೆಳಗೆ ಒಂದೇ ಲೋಹದ ಪಟ್ಟಿ ಇದೆ. ಹಾಗಾಗಿ ಒಂದೇ ಸಾಲಿಗೆ ಚುಚ್ಚಿದ ಕಾಲುಗಳು ಬೆಸೆದಂತೆಯೇ. ಅಂಚಿನಲ್ಲಿ ಉದ್ದಕ್ಕೆ ಹೋಗುವ ಕೆಂಪು ಮತ್ತು ನೀಲಿ ಗೆರೆಗಳು ಬ್ಯಾಟರಿಯ ಪ್ಲಸ್ ಮತ್ತು ಮೈನಸ್‌ಗೆ. ಮೊದಲ ಸಲ ಎಲ್ಲರೂ ಮಾಡುವ ತಪ್ಪು ಎಂದರೆ ಎಲ್‌ಇಡಿಯ ಎರಡೂ ಕಾಲನ್ನು ಒಂದೇ ಸಾಲಿಗೆ ಚುಚ್ಚುವುದು. ಆಗ ಕರೆಂಟ್ ಎಲ್‌ಇಡಿಯನ್ನು ಬಿಟ್ಟು ಪಟ್ಟಿಯಲ್ಲೇ ದಾಟಿಹೋಗುತ್ತದೆ.

ಮೊದಲ ಹೆಜ್ಜೆ: ರೆಸಿಸ್ಟರ್ ಮತ್ತು ಎಲ್‌ಇಡಿ

ನೀರಿನ ಲೆಕ್ಕದಲ್ಲೇ ಹೋಗೋಣ. ಟಾಕಿ ಎಷ್ಟು ಎತ್ತರದಲ್ಲಿದೆಯೋ ಅದು ವೋಲ್ಟೇಜ್. ಪೈಪಿನಲ್ಲಿ ಹರಿಯುವ ನೀರು ಕರೆಂಟ್. ಅರ್ಧ ತಿರುವಿದ ನಳ ಇದೆಯಲ್ಲ, ಅದು ರೆಸಿಸ್ಟರ್. ಈ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಪೈಪ್ ಒಡೆದರೆ ನೀರು ಹೊರಗೆ ಸುರಿಯುತ್ತದೆ, ತಂತಿ ಕಡಿದರೆ ಕರೆಂಟ್ ನಿಂತೇಬಿಡುತ್ತದೆ. ಹೊರಟ ಕರೆಂಟಿಗೆ ಬ್ಯಾಟರಿಗೆ ಮರಳುವ ದಾರಿ ಇರಲೇಬೇಕು.

ಬ್ಯಾಟರಿಯ ಪ್ಲಸ್‌ನಿಂದ 470 ಓಮ್ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲಿನಿಂದ ಮೈನಸ್. ದೀಪ ಹತ್ತುತ್ತದೆ. ಕೆಂಪು ಎಲ್‌ಇಡಿ ತನಗೆ ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ. ಉಳಿದ 7 ವೋಲ್ಟ್ ರೆಸಿಸ್ಟರಿನ ಮೇಲೆ ಬೀಳುತ್ತದೆ. ಏಳನ್ನು 470ರಿಂದ ಭಾಗಿಸಿ: 0.015 ಆಂಪಿಯರ್, ಅಂದರೆ 15 ಮಿಲಿಆಂಪಿಯರ್. ಎಲ್‌ಇಡಿಗೆ ಇದು ಹಿತವಾದ ಕರೆಂಟ್. ಜರ್ಮನಿಯ ಗಿಯಾರ್ಗ್ ಓಮ್ 1827ರಲ್ಲಿ ಅಚ್ಚು ಹಾಕಿಸಿದ ನಿಯಮ ಇದೇ ಭಾಗಾಕಾರ.

ಈಗ 470 ತೆಗೆದು 1 ಕೆ ಹಾಕಿ. ಬೆಳಕು ಕಡಿಮೆಯಾಗುತ್ತದೆ. 100 ಕೆ ಹಾಕಿ. ಕೋಣೆ ಕತ್ತಲೆ ಮಾಡಿ, ಎಲ್‌ಇಡಿಯ ಮೇಲೆ ಬಗ್ಗಿ ನೋಡಿದರೆ ಒಳಗೊಂದು ಕೆಂಪು ಚುಕ್ಕೆ ಮಾತ್ರ. ರೆಸಿಸ್ಟರ್ ಇಲ್ಲದೆ ಮಾತ್ರ ಎಲ್‌ಇಡಿ ಹಚ್ಚಬೇಡಿ. ಕಾಲೇಜು ದಿನಗಳಲ್ಲಿ ನಾನು ಹಚ್ಚಿದ್ದೆ. ಒಮ್ಮೆ ಫಳ್ ಎಂದು ಹೊಳೆದು, ಕಮಟು ವಾಸನೆ ಬಂದು, ಅದು ಮತ್ತೆ ಹತ್ತಲಿಲ್ಲ. ಎಲ್‌ಇಡಿಗೆ ಕರೆಂಟನ್ನು ತಾನೇ ಹಿಡಿದುಕೊಳ್ಳುವ ಶಕ್ತಿ ಇಲ್ಲ. ಎರಡು ವೋಲ್ಟ್ ದಾಟಿತೆಂದರೆ ಕರೆಂಟ್ ಒಮ್ಮೆಲೇ ನುಗ್ಗುತ್ತದೆ. ಆ ನುಗ್ಗನ್ನು ತಡೆಯುವುದೇ ರೆಸಿಸ್ಟರಿನ ಕೆಲಸ.

ರೆಸಿಸ್ಟರಿನ ಮೈಮೇಲೆ ಅಂಕಿ ಇರುವುದಿಲ್ಲ, ಬಣ್ಣದ ಪಟ್ಟೆ ಇರುತ್ತವೆ. ಇದನ್ನು ನೆನಪಿಡಲು ಮಕ್ಕಳಿಗೆ ಇಂಗ್ಲಿಷಿನ ಉದ್ದ ವಾಕ್ಯ ಕಲಿಸುತ್ತಾರೆ. ನಮಗೆ ಅದು ಬೇಡವೇ ಬೇಡ. ಸೊನ್ನೆಯಿಂದ ಒಂಬತ್ತರವರೆಗೆ ಬಣ್ಣಗಳನ್ನು ಕನ್ನಡದಲ್ಲಿ ಹೇಳಿ ನೋಡಿ: ಕಪ್ಪು, ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಬೂದು, ಬಿಳಿ. ಮೊದಲ ನಾಲ್ಕಕ್ಕೂ 'ಕ', ಆಮೇಲೆ ಎರಡಕ್ಕೆ 'ಹ', ಎರಡಕ್ಕೆ 'ನ', ಎರಡಕ್ಕೆ 'ಬ'. ಕ ನಾಲ್ಕು, ಹ ಎರಡು, ನ ಎರಡು, ಬ ಎರಡು. ನನ್ನ ಅಣ್ಣನ ಮಗಳಿಗೆ ಚಹಾ ಆರುವುದರೊಳಗೆ ಬಾಯಿಗೆ ಬಂತು.

ಬಂಗಾರದ ಪಟ್ಟೆ ಬಲಗಡೆ ಬರುವಂತೆ ಹಿಡಿಯಿರಿ. ಮೊದಲ ಎರಡು ಪಟ್ಟೆ ಅಂಕಿಗಳು, ಮೂರನೆಯದು ಅವುಗಳ ಮುಂದೆ ಎಷ್ಟು ಸೊನ್ನೆ ಎಂದು. ಹಳದಿ, ನೇರಳೆ, ಕಂದು: ನಾಲ್ಕು, ಏಳು, ಒಂದು ಸೊನ್ನೆ, ಅಂದರೆ 470. ಕಂದು, ಕಪ್ಪು, ಕೆಂಪು: 1000, ಅಂದರೆ 1 ಕೆ. ಕಂದು, ಕಪ್ಪು, ಹಳದಿ: 100 ಕೆ. ಬಂಗಾರ ಎಂದರೆ ನೂರಕ್ಕೆ ಐದು ಆಚೀಚೆ ಆಗಬಹುದು ಎಂದು. ನೀಲಿ ಮೈಯ ರೆಸಿಸ್ಟರುಗಳಲ್ಲಿ ಹೆಚ್ಚಾಗಿ ಐದು ಪಟ್ಟೆ ಇರುತ್ತವೆ. ಅಲ್ಲಿ ಮೊದಲ ಮೂರು ಅಂಕಿ, ನಾಲ್ಕನೆಯದು ಸೊನ್ನೆಗಳ ಲೆಕ್ಕ.

ಎರಡನೇ ಹೆಜ್ಜೆ: ಡಯೋಡ್

ಪ್ಲಂಬರ್‌ಗಳು ಮೋಟರಿನ ಪೈಪಿಗೆ ಎನ್‌ಆರ್‌ವಿ ಕೂಡಿಸುತ್ತಾರೆ. ನೀರು ಮೇಲೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಡಯೋಡ್ ಕರೆಂಟಿನ ಎನ್‌ಆರ್‌ವಿ. ಕಪ್ಪು ಮೈ, ಒಂದು ತುದಿಗೆ ಬೆಳ್ಳಿ ಪಟ್ಟೆ. ಪಟ್ಟೆ ಇರುವ ಕಡೆಯಿಂದ ಕರೆಂಟ್ ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ.

ಬ್ಯಾಟರಿಯ ಪ್ಲಸ್ ವೈರ್ ಮತ್ತು ಹಲಗೆಯ ಕೆಂಪು ಗೆರೆಯ ನಡುವೆ ಡಯೋಡ್ ಹಾಕಿ. ಪಟ್ಟೆ ಕೆಂಪು ಗೆರೆಯ ಕಡೆಗಿರಲಿ. ದೀಪ ಹತ್ತುತ್ತದೆ. ತಿರುಗಿಸಿ ಹಾಕಿ. ಹತ್ತುವುದಿಲ್ಲ. ಮತ್ತೆ ಸರಿಮಾಡಿ ಅಲ್ಲಿಯೇ ಬಿಡಿ. ಕತ್ತಲೆಯಲ್ಲಿ ಯಾರಾದರೂ ಬ್ಯಾಟರಿಯನ್ನು ಉಲ್ಟಾ ಮುಟ್ಟಿಸಿದರೂ ನಮ್ಮ ಗಂಟೆ ಸುಡದಂತೆ ಕಾಯುವುದು ಇದೇ. ಇದಕ್ಕೆ ಅದು 0.7 ವೋಲ್ಟಿನಷ್ಟು ಸುಂಕ ತೆಗೆದುಕೊಳ್ಳುತ್ತದೆ. ಮಲ್ಟಿಮೀಟರ್ ಹಿಡಿದರೆ ಕಾಣುತ್ತದೆ. ಗೋಡೆಯ ಎಸಿ (ದಿಕ್ಕು ಬದಲಿಸುತ್ತಲೇ ಇರುವ) ಕರೆಂಟನ್ನು ಡಿಸಿ (ಒಂದೇ ದಿಕ್ಕಿನದು) ಮಾಡುವ ಚಾರ್ಜರಿನಲ್ಲೂ ಡಯೋಡುಗಳೇ ಇರುತ್ತವೆ, ಹೆಚ್ಚಾಗಿ ನಾಲ್ಕು.

ಮೂರನೇ ಹೆಜ್ಜೆ: ಕೆಪಾಸಿಟರ್

ಇದು ಕೊಡ. ತುಂಬಿಕೊಳ್ಳುತ್ತದೆ, ಬೇಕಾದಾಗ ಸುರಿಯುತ್ತದೆ. 1000 ಮೈಕ್ರೋಫ್ಯಾರಡ್ ಡಬ್ಬಿಯ ಒಂದು ಬದಿಗೆ ಮೈನಸ್ ಗುರುತಿನ ಪಟ್ಟೆ ಇದೆ. ಆ ಕಾಲು ನೀಲಿ ಗೆರೆಗೆ, ಇನ್ನೊಂದು ಕೆಂಪು ಗೆರೆಗೆ. 470 ಮತ್ತು ಎಲ್‌ಇಡಿ ಮೊದಲಿನಂತೆಯೇ ಇರಲಿ. ಈಗ ಬ್ಯಾಟರಿ ಕಿತ್ತುಬಿಡಿ. ದೀಪ ಒಮ್ಮೆಗೇ ಆರುವುದಿಲ್ಲ. ಸಂಜೆ ಮುಳುಗಿದ ಹಾಗೆ ಒಂದೆರಡು ಸೆಕೆಂಡಿನಲ್ಲಿ ಮೆಲ್ಲಗೆ ಮಂಕಾಗುತ್ತದೆ. ಅಣ್ಣನ ಮಗಳು ಇದನ್ನು ಹತ್ತು ಸಲವಾದರೂ ಮಾಡಿ ನೋಡಿದಳು. ಕೆಪಾಸಿಟರ್ ತೆಗೆದು ಅದೇ ಕೆಲಸ ಮಾಡಿ, ಪಕ್ಕನೆ ಆರುತ್ತದೆ.

ಇದೇ ಉಲ್ಟಾ ಇಡಬಾರದ ಸಾಮಾನು. ಪಟ್ಟೆ ತಪ್ಪಿದರೆ ಒಳಗೆ ಬಿಸಿಯಾಗಿ, ಉಬ್ಬಿ, ಒಡೆಯುತ್ತದೆ. ನಾನೊಮ್ಮೆ 12 ವೋಲ್ಟಿಗೆ ತಪ್ಪಾಗಿ ಹಚ್ಚಿ ಮುಖ ಹತ್ತಿರ ಒಯ್ದು ನೋಡುತ್ತಿದ್ದೆ. ಪಟಾಕಿಯಂಥ ಸದ್ದು, ಗಾಳಿಯಲ್ಲಿ ಹಿಂಜಿದ ಕಾಗದದ ಚೂರು. ಕಣ್ಣಿಗೆ ಕನ್ನಡಕ ಇತ್ತು, ಬದುಕಿದೆ. ಬ್ಯಾಟರಿ ಮುಟ್ಟಿಸುವ ಮೊದಲು ಪಟ್ಟೆಯನ್ನು ಎರಡು ಸಲ ನೋಡಿ, ಮಕ್ಕಳಿಗೂ ಅದೇ ರೂಢಿ ಮಾಡಿಸಿ. ಹಳೆಯ ಚಾರ್ಜರ್ ಅಥವಾ ಟಿವಿ ಬಿಚ್ಚಿ ಇದನ್ನು ಹುಡುಕಲು ಹೋಗಬೇಡಿ. ಅಲ್ಲಿಯ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ತೆಗೆದ ಮೇಲೂ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು.

ಬೇಸಿಗೆಯಲ್ಲಿ ಫ್ಯಾನ್ ಸೋತು ತಿರುಗಿದಾಗ ಎಲೆಕ್ಟ್ರಿಷಿಯನ್ "ಕಂಡೆನ್ಸರ್ ಹೋಗೇತ್ರಿ" ಎನ್ನುತ್ತಾರಲ್ಲ, ಅದೂ ಕೆಪಾಸಿಟರೇ. ಸೀಲಿಂಗ್ ಫ್ಯಾನಿಗೆ ಹೆಚ್ಚಾಗಿ 2.5 ಮೈಕ್ರೋಫ್ಯಾರಡ್ಡಿನದು. ಅಲ್ಲಿ ಅದರ ಕೆಲಸ ಬೇರೆ: ಫ್ಯಾನಿನ ಎರಡನೇ ಸುರುಳಿಗೆ ಕರೆಂಟನ್ನು ಸ್ವಲ್ಪ ಹಿಂದೆಮುಂದೆ ಮಾಡಿ ಕೊಟ್ಟು ತಿರುಗುವ ಕಸುವು ಹುಟ್ಟಿಸುವುದು.

ನಾಲ್ಕನೇ ಹೆಜ್ಜೆ: ಟ್ರಾನ್ಸಿಸ್ಟರ್

ಓಣಿಗೆ ನೀರು ಬಿಡುವ ವಾಲ್ವ್‌ಮನ್ ಅವರನ್ನು ನೋಡಿದ್ದೀರಿ. ಕೈಯಲ್ಲಿ ಉದ್ದನೆಯ ಕಬ್ಬಿಣದ ಚಾವಿ. ರಸ್ತೆಯ ಗುಂಡಿಗೆ ಇಳಿಸಿ ನಾಲ್ಕು ಸುತ್ತು ತಿರುವುತ್ತಾರೆ, ಇಡೀ ಓಣಿಗೆ ನೀರು. ನೀರನ್ನು ದೂಡುವ ಬಲ ಅವರದಲ್ಲ, ಟಾಕಿಯದು. ಅವರು ಹಾಕಿದ್ದು ಬರೀ ತಿರುವುವಷ್ಟು ಬಲ. ಟ್ರಾನ್ಸಿಸ್ಟರ್ ಮಾಡುವುದು ಹೀಗೆಯೇ. ಬೇಸ್ ಎಂಬ ಕಾಲಿಗೆ ಚೂರು ಕರೆಂಟ್ ಕೊಟ್ಟರೆ ಕಲೆಕ್ಟರ್‌ನಿಂದ ಎಮಿಟರಿಗೆ ಅದರ ನೂರಾರು ಪಟ್ಟು ಕರೆಂಟ್ ಹರಿಯಲು ಬಿಡುತ್ತದೆ.

ಇದನ್ನು 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲು ಮಾಡಿ ತೋರಿಸಿದರು. ಬಾರ್ಡೀನ್, ಬ್ರಾಟೈನ್, ಶಾಕ್ಲಿ ಮೂವರಿಗೂ 1956ರಲ್ಲಿ ನೊಬೆಲ್ ಬಂತು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದಾಗ ಮನೆಗಳಲ್ಲಿದ್ದದ್ದು ಗಾಜಿನ ಬುರುಡೆಗಳ ರೇಡಿಯೋ. ಆ ಬುರುಡೆಗಳಿಗೂ ವಾಲ್ವ್ ಎಂದೇ ಹೆಸರು. ಬುರುಡೆಯ ಜಾಗಕ್ಕೆ ಟ್ರಾನ್ಸಿಸ್ಟರ್ ಬಂದ ಮೇಲೆ ರೇಡಿಯೋ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಯಿತು. ನಮ್ಮ ಹಳ್ಳಿಗಳಲ್ಲಿ ಹಿರಿಯರು ರೇಡಿಯೋವನ್ನೇ ಟ್ರಾನ್ಸಿಸ್ಟರ್ ಎನ್ನುವುದು ಅದಕ್ಕೇ.

ಹಲಗೆಯಿಂದ ಕೆಪಾಸಿಟರ್ ತೆಗೆದಿಡಿ. ಬಿಸಿ 547ರ ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ. ಎಡಗಡೆಯದು ಕಲೆಕ್ಟರ್, ನಡುವಿನದು ಬೇಸ್, ಬಲಗಡೆಯದು ಎಮಿಟರ್. ಮೂರನ್ನೂ ಬೇರೆ ಬೇರೆ ಸಾಲಿಗೆ ಚುಚ್ಚಿ. ಎಮಿಟರನ್ನು ನೀಲಿ ಗೆರೆಗೆ ಸೇರಿಸಿ. ಇಲ್ಲಿಯವರೆಗೆ ಮೈನಸ್‌ಗೆ ಹೋಗುತ್ತಿದ್ದ ಎಲ್‌ಇಡಿಯ ಗಿಡ್ಡ ಕಾಲನ್ನು ಕಲೆಕ್ಟರಿಗೆ ಕೊಡಿ. ಬೇಸ್‌ನಿಂದ 1 ಕೆ ರೆಸಿಸ್ಟರ್, ಅದರ ತುದಿಗೊಂದು ವೈರ್. ಕೆಂಪು ಗೆರೆಯಿಂದ ಇನ್ನೊಂದು ವೈರ್. ಎರಡೂ ವೈರಿನ ತುದಿ ಸುಲಿದು, ಒಂದಕ್ಕೊಂದು ತಾಗದಂತೆ ಬಿಡಿ.

ದೀಪ ಆರಿದೆ. ಬೇಸ್‌ಗೆ ಕರೆಂಟ್ ಇಲ್ಲ, ವಾಲ್ವ್ ಬಂದ್.

ಈಗ ಎರಡೂ ತುದಿಯನ್ನು ಒಂದೇ ಬೆರಳಿನಿಂದ ಒತ್ತಿ ಹಿಡಿಯಿರಿ. 9 ವೋಲ್ಟ್ ಅಷ್ಟೇ, ಏನೂ ಗೊತ್ತಾಗುವುದಿಲ್ಲ. ಎಲ್‌ಇಡಿ ಮಂಕಾಗಿ ಹತ್ತುತ್ತದೆ. ಬೆರಳಿಗೆ ನೀರು ಹಚ್ಚಿಕೊಂಡು ಒತ್ತಿದರೆ ಬೆಳಕು ಏರುತ್ತದೆ. "ಕಾಕಾ, ನನ್ನ ಮೈಯಾಗಿಂದ ಕರೆಂಟ್ ಹರೀತೇನು?" ಎಂದು ಅವಳು ಕಣ್ಣರಳಿಸಿದಳು. ಹೌದು, ಹರಿಯಿತು. ಚರ್ಮ ಬಿಟ್ಟುಕೊಟ್ಟದ್ದು ಮಿಲಿಆಂಪಿಯರಿನ ನೂರನೇ ಒಂದು ಪಾಲಿನ ಆಸುಪಾಸು. ಅಷ್ಟರಿಂದ ನೇರವಾಗಿ ಎಲ್‌ಇಡಿ ಕಾಣುವಂತೆ ಹತ್ತುವುದಿಲ್ಲ. ಟ್ರಾನ್ಸಿಸ್ಟರ್ ತೆಗೆದು, ಬೆರಳನ್ನೇ ದಾರಿ ಮಾಡಿ ಎಲ್‌ಇಡಿ ಹಚ್ಚಲು ಪ್ರಯತ್ನಿಸಿ, ಫರಕು ನಿಮಗೇ ಕಾಣುತ್ತದೆ.

ಆ 1 ಕೆ ಯಾಕೆ ಎಂದರೆ, ಎರಡು ವೈರ್ ಅಕಸ್ಮಾತ್ ತಾಗಿದರೂ ಬೇಸ್‌ಗೆ 8 ಮಿಲಿಆಂಪಿಯರಿಗಿಂತ ಜಾಸ್ತಿ ಹೋಗಬಾರದು. ಅದಿಲ್ಲದಿದ್ದರೆ ಒಂದು ತಾಗಿಗೇ ಟ್ರಾನ್ಸಿಸ್ಟರ್ ಸುಟ್ಟೀತು.

ಐದನೇ ಹೆಜ್ಜೆ: ನೀರು, ತಂಪು ಮತ್ತು ಬಜರ್

ಬಟ್ಟಲಿಗೆ ನಳದ ನೀರು ಹಾಕಿ ಎರಡೂ ತುದಿ ಅದ್ದಿ. ದೀಪ ಝಗ್ಗೆಂದು ಹತ್ತುತ್ತದೆ. ನಳದ ನೀರಿನಲ್ಲಿ ಕರಗಿದ ಲವಣಗಳಿವೆ, ಅವೇ ಕರೆಂಟ್ ಒಯ್ಯುವುದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಇದ್ದರೆ ಅದರಲ್ಲೂ ಅದ್ದಿ ನೋಡಿ, ಬೆಳಕು ಬಹಳ ಕಡಿಮೆ.

ಬಜರಿನ ಪ್ಲಸ್ ಕಾಲು ಕೆಂಪು ಗೆರೆಗೆ, ಮೈನಸ್ ಕಾಲು ಕಲೆಕ್ಟರಿಗೆ. ಎಲ್‌ಇಡಿ ಮತ್ತು ಬಜರ್ ಅಕ್ಕಪಕ್ಕದ ಎರಡು ದಾರಿಗಳಾದವು. ಬಿಸಿ 547 ತಾಳುವುದು 100 ಮಿಲಿಆಂಪಿಯರ್ ಮಾತ್ರ. ಸಣ್ಣ ಬಜರಿಗೆ ಅದು ಧಾರಾಳ. ಮೋಟರನ್ನು ಇದರಿಂದಲೇ ಚಾಲೂ ಮಾಡುವ ಆಸೆ ಬರುತ್ತದೆ, ಬೇಡ. ಅದಕ್ಕೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಹಚ್ಚಿ ಆರಿಸುವ ಸ್ವಿಚ್) ಬೇಕು, 230 ವೋಲ್ಟಿನ ಕೆಲಸ ಬಲ್ಲವರು ಜೊತೆಗಿರಬೇಕು.

ನಾವು ಇಷ್ಟಕ್ಕೇ ಮುಗಿಯಿತು ಎಂದುಕೊಂಡು, ಎರಡೂ ವೈರಿನ ತುದಿಗೆ ಒಂದೊಂದು ಸ್ಕ್ರೂ ಬಿಗಿದು, ಅವನ್ನು ಕಟ್ಟಿಗೆ ತುಂಡಿಗೆ ಕೂಡಿಸಿ ಹಿತ್ತಲ ನಳಕ್ಕೆ ಕಟ್ಟಿದೆವು. ಶ್ರಾವಣದ ದಿನಗಳು. ರಾತ್ರಿ ಹನ್ನೊಂದಕ್ಕೆ ಬಜರ್ ಸಣ್ಣಗೆ ನರಳತೊಡಗಿತು. ಓಡಿಹೋಗಿ ನೋಡಿದರೆ ನಳದಲ್ಲಿ ಹನಿಯೂ ಇಲ್ಲ. ಸ್ಕ್ರೂ ಕೂಡಿಸಿದ ಕಟ್ಟಿಗೆ ತುಂಡು ಮಳೆಯ ತಂಪಿಗೆ ತೇವ ಹಿಡಿದಿತ್ತು. ಆ ತೇವದಲ್ಲೇ ಚೂರು ಕರೆಂಟ್ ಸೋರಿ ಬೇಸ್‌ಗೆ ಮುಟ್ಟುತ್ತಿತ್ತು.

ಅದಕ್ಕೇ ಚೀಟಿಯಲ್ಲಿ 100 ಕೆ ಇರುವುದು. ಬೇಸ್ ಮತ್ತು ಎಮಿಟರಿನ ನಡುವೆ ಅದನ್ನು ಹಾಕಿ. ಬೇಸ್ ಎಚ್ಚರವಾಗಲು 0.6 ವೋಲ್ಟ್ ಬೇಕು. 0.6 ವೋಲ್ಟಿಗೆ 100 ಕೆ ರೆಸಿಸ್ಟರ್ 6 ಮೈಕ್ರೋಆಂಪಿಯರ್ (ಮಿಲಿಆಂಪಿಯರಿನ ಸಾವಿರದಲ್ಲಿ ಆರು ಪಾಲು) ಹೊರಗೆ ಹರಿಸಿಬಿಡುತ್ತದೆ. ಅಂದರೆ ಸೋರಿಕೆ ಅಷ್ಟರೊಳಗಿದ್ದರೆ ಬೇಸ್‌ಗೆ ಏನೂ ಉಳಿಯುವುದಿಲ್ಲ. ನಿಜವಾದ ನೀರು ಬಂದಾಗ ಇದರ ಹತ್ತಾರು ಪಟ್ಟು ಬರುತ್ತದೆ, ಆಗ ಈ 100 ಕೆ ಅಡ್ಡಿಯಾಗುವುದಿಲ್ಲ. ಕಟ್ಟಿಗೆ ಬದಲು ಪ್ಲಾಸ್ಟಿಕ್ ಮುಚ್ಚಳಕ್ಕೆ ಸ್ಕ್ರೂ ಕೂಡಿಸಿದೆವು, ಎರಡರ ನಡುವೆ ಒಂದು ಬೆರಳು ಅಂತರ. ಮುಚ್ಚಳವನ್ನು ಸಣ್ಣ ಬಟ್ಟಲಿನಲ್ಲಿಟ್ಟು ನಳದ ಕೆಳಗೆ ಇಟ್ಟೆವು. ಅದಾದ ಮೇಲೆ ಮಳೆಗೆ ಅದು ನರಳಿಲ್ಲ.

ಬರೀ ತಾಮ್ರದ ವೈರ್ ನೀರಿಗೆ ಬಿಡಬೇಡಿ. ಡಿಸಿ ಕರೆಂಟ್ ಹರಿದಂತೆ ಪ್ಲಸ್ ಕಡೆಯ ತಾಮ್ರ ಸವೆದು ಹಸಿರುಗಟ್ಟುತ್ತದೆ. ಸ್ಟೀಲ್ ಸ್ಕ್ರೂ ಬಹಳ ದಿನ ತಾಳುತ್ತದೆ, ಆದರೂ ತಿಂಗಳಿಗೊಮ್ಮೆ ತಿಕ್ಕಿ ಒರೆಸಿ. ಸ್ಕ್ರೂ ಒಣಗಿದ್ದಾಗ ಬ್ಯಾಟರಿ ಹೆಚ್ಚುಕಡಿಮೆ ಖರ್ಚೇ ಆಗುವುದಿಲ್ಲ.

ಹತ್ತದಿದ್ದರೆ

ಮೊದಲು ಎಲ್‌ಇಡಿ, ಬಜರ್, ಡಯೋಡ್ ಉಲ್ಟಾ ಇದೆಯೇ ನೋಡಿ. ಹೆಚ್ಚಿನ ತಪ್ಪು ಅಲ್ಲೇ. ಆಮೇಲೆ ಕಲೆಕ್ಟರಿನಿಂದ ಎಮಿಟರಿಗೆ ಒಂದು ವೈರ್ ಮುಟ್ಟಿಸಿ. ದೀಪ ಹತ್ತಿ ಬಜರ್ ಕೂಗಿದರೆ ಅವೆರಡೂ ಸರಿ, ತಕರಾರು ಟ್ರಾನ್ಸಿಸ್ಟರಿನದು ಅಥವಾ ಬೇಸಿನ ದಾರಿಯದು. ಮಲ್ಟಿಮೀಟರ್ ಇದ್ದರೆ ಸ್ಕ್ರೂ ನೀರಿನಲ್ಲಿರುವಾಗ ಬೇಸ್ ಮತ್ತು ಎಮಿಟರಿನ ನಡುವೆ ಅಳೆಯಿರಿ. 0.7ರ ಹತ್ತಿರ ಇರಬೇಕು. ಸೊನ್ನೆ ಇದ್ದರೆ ಎಲ್ಲೋ ವೈರ್ ಬಿಟ್ಟಿದೆ. 0.7ರ ಬದಲು ಎರಡು ಮೂರು ವೋಲ್ಟ್ ತೋರಿಸಿದರೆ ಟ್ರಾನ್ಸಿಸ್ಟರ್ ಸತ್ತಿದೆ ಅಥವಾ ಕಾಲು ತಪ್ಪು ಸಾಲಿನಲ್ಲಿದೆ. ಎಲ್ಲ ಸರಿಯಾದ ಮೇಲೆ ತೂತಿನ ಪಿಸಿಬಿಯ (ಬೆಸುಗೆ ಹಿಡಿಯುವ ತಾಮ್ರವಿರುವ ಹಲಗೆ) ಮೇಲೆ ಬೆಸುಗೆ ಹಾಕಿಕೊಳ್ಳಬಹುದು. 25 ವ್ಯಾಟಿನ ಐರನ್ ಸಾಕು. ಬೆಸುಗೆ ತಂತಿಯಲ್ಲಿ ಹೆಚ್ಚಾಗಿ ಸೀಸ ಇರುತ್ತದೆ. ಕಿಟಕಿ ತೆರೆದಿಡಿ, ಊಟಕ್ಕೆ ಕೂಡುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ.

104ರ ಬಿಲ್ಲೆ ಇನ್ನೂ ಉಳಿದಿದೆ ಅಲ್ವಾ? ಅದರ ಕೆಲಸ ಈಗ. ಗಂಟೆ ಕೂಗಿದ ಮೊದಲ ರಾತ್ರಿಯ ಮರುದಿನವೇ ಅವ್ವ ಹೇಳಿದಳು: "ಮ್ಯಾಲಿನ ಟಾಕಿ ತುಂಬಿದ್ದೂ ಗೊತ್ತಾಗೂವಂಗ ಮಾಡ್ರಿ." ಟಾಕಿಯ ಬಾಯಿಯ ಒಳಬದಿಗೆ, ನೀರು ತುಂಬಿ ಹೊರಚೆಲ್ಲುವ ಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗೆ ಸ್ಕ್ರೂ ಬರುವಂತೆ ತೂಗುಬಿಟ್ಟೆವು. ಅಲ್ಲಿಂದ ಅಡಿಗೆಮನೆಗೆ ಹದಿನೈದು ಮೀಟರ್ ವೈರ್. ಹರಿಯುವ ಕರೆಂಟ್ ಇಷ್ಟೇ ಇಷ್ಟು, ಹಾಗಾಗಿ ತೆಳ್ಳನೆಯ ಬೆಲ್ ವೈರ್ ಸಾಕು. ಆದರೆ ಅಷ್ಟುದ್ದದ ವೈರ್ ಮನೆಯ ಕರೆಂಟ್ ಲೈನುಗಳ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನು ಏರಿಯಲ್ ಥರ ಹಿಡಿಯುತ್ತದೆ. ಬಿಲ್ಲೆ ಕೆಪಾಸಿಟರನ್ನು ಬೇಸ್ ಮತ್ತು ಎಮಿಟರಿನ ನಡುವೆ, 100 ಕೆ ಪಕ್ಕದಲ್ಲೇ ಕೂಡಿಸಿ. ಇದಕ್ಕೆ ಪ್ಲಸ್ ಮೈನಸ್ ಇಲ್ಲ, ಹೇಗಿಟ್ಟರೂ ನಡೆಯುತ್ತದೆ. ಏರಿಳಿಯುವ ಗುಂಯ್‌ಗುಡುವಿಕೆಯ ಬಹುಪಾಲು ಅದರ ಮೂಲಕ ಮೈನಸ್ ಗೆರೆಗೆ ಇಳಿದುಹೋಗುತ್ತದೆ. ನೀರು ಮುಟ್ಟಿದಾಗ ಒಂದೇ ಸಮನೆ ಬರುವ ಕರೆಂಟ್ ಮಾತ್ರ ಬೇಸ್‌ಗೆ ಸೇರುತ್ತದೆ.